ಸೋಮವಾರ ಹಳಸುತ್ತಿದ್ದ ಬುತ್ತಿ

ಸೋಮವಾರ ಬೆಳಿಗ್ಗೆ ಒಂಬತ್ತು ದಾಟಿ ಐದು ನಿಮಿಷಕ್ಕೆ ನನ್ನ ಪರದೆಯ ಮೇಲೆ ಆ ತಪ್ಪಿನ ಸಾಲು ಮತ್ತೆ ಬಂತು. ಸ್ಟೇಲ್ ಫೈಲ್ ಹ್ಯಾಂಡಲ್. ಅದರ ಕೆಳಗೆ ಅದೇ ಸಾಲು, ಅದರ ಕೆಳಗೂ ಅದೇ. ಕಾಫಿ ಲೋಟ ಕೆಳಗಿಟ್ಟು, "ಬಂದ್ಯೇನಪ್ಪಾ" ಎಂದೆ. ಎಷ್ಟೋ ಸೋಮವಾರಗಳಿಂದ ನಮ್ಮಿಬ್ಬರಿಗೂ ಪರಿಚಯ. ಮಂಗಳವಾರ ತಾನಾಗಿಯೇ ಸರಿಹೋಗುತ್ತಿದ್ದುದರಿಂದ ನಾನು ಅದರ ಬೆನ್ನು ಹತ್ತಿರಲಿಲ್ಲ. ಸೋಮಾರಿತನ ಎಂದರೆ ಒಪ್ಪಿಕೊಳ್ಳುತ್ತೇನೆ.

ನಮ್ಮದು ಕಣ್ಣಿನ ಆಸ್ಪತ್ರೆ. ಮುಖ್ಯ ಕಟ್ಟಡ ಕಡೂರಿನಲ್ಲಿದೆ, ತರೀಕೆರೆ ಮತ್ತು ಅಜ್ಜಂಪುರದಲ್ಲಿ ಒಂದೊಂದು ಸಣ್ಣ ಶಾಖೆ. ಸಕ್ಕರೆ ಕಾಯಿಲೆಯವರ ಕಣ್ಣಿನೊಳಗಿನ ಪರದೆಯ ಚಿತ್ರ ತೆಗೆಯುವ ಕ್ಯಾಮೆರಾ ಮೂರೂ ಕಡೆ ಇದೆ. ಮೂರೂರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನೊಬ್ಬನೇ. ಮೂರೂ ಕಡೆ ಇರುವುದು ಯೂನಿಕ್ಸ್ ಜಾತಿಯ ಯಂತ್ರಗಳು. ಶಾಖೆಯಲ್ಲಿ ತೆಗೆದ ಪ್ರತಿ ಚಿತ್ರದ ಒಂದು ನಕಲು ಕಡೂರಿನ ದೊಡ್ಡ ಯಂತ್ರಕ್ಕೆ ಬಂದು ಸೇರಬೇಕು. ಅಲ್ಲಿನ ಡಿಸ್ಕ್ ಕೆಟ್ಟರೂ ಚಿತ್ರ ಉಳಿಯಬೇಕು, ಡಾಕ್ಟರು ಇಲ್ಲೇ ಕೂತು ನೋಡುವಂತಿರಬೇಕು. ಈ ಬ್ಯಾಕಪ್ಪನ್ನು ಬೇರೆ ಕಡೆ ರಾತ್ರಿ ಮಾಡುತ್ತಾರೆ. ನಮ್ಮ ಶಾಖೆಗಳಲ್ಲೋ, ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ. ಅದನ್ನು ಬಿಡಿಸಲು ಹೋಗಿ ನಾನೇ ಸುಸ್ತಾಗಿ, ಬ್ಯಾಕಪ್ಪನ್ನು ಬೆಳಿಗ್ಗೆ ಒಂಬತ್ತಕ್ಕೆ ಇಟ್ಟುಕೊಂಡಿದ್ದೆ.

ಕ್ರಮ ಹೀಗಿತ್ತು. ಬೆಳಿಗ್ಗೆ ಎಂಟಕ್ಕೆ ಶಾಖೆಯ ಆಯಮ್ಮ ಬಂದು ಬಾಗಿಲು ತೆಗೆದು ಸ್ವಿಚ್ ಹಾಕುತ್ತಾರೆ. ಎಂಟೂವರೆಗೆ ಬರುವ ತಂತ್ರಜ್ಞರು ಹಿಂದಿನ ದಿನದ ಚಿತ್ರಗಳ ನಕಲನ್ನೆಲ್ಲ ಒಂದು ಫೋಲ್ಡರಿಗೆ ತುಂಬಿಸಿಡುತ್ತಾರೆ. ಒಂಬತ್ತಕ್ಕೆ ನನ್ನ ಯಂತ್ರ, ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯ ಮೂಲಕ, ದೂರದ ಆ ಫೋಲ್ಡರನ್ನು ತನ್ನದೇ ಎಂಬಂತೆ ತೆರೆದು, ಒಳಗೆ ಕೂತು, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತದೆ. ಆ ಫೋಲ್ಡರಿಗೆ ಹೆಸರಿಟ್ಟ ದಿನ ನನಗೆ ಹಸಿವಾಗಿತ್ತೋ ಏನೋ, 'ಬುತ್ತಿ' ಎಂದು ಇಟ್ಟಿದ್ದೆ. ಶಾಖೆಯವರು ಕಟ್ಟುವುದು, ಕಡೂರಿನಲ್ಲಿ ಬಿಚ್ಚುವುದು. ಒಳ್ಳೆಯ ಹೆಸರು ಸಿಕ್ಕಿತೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆ ಬುಧವಾರ ಡಾಕ್ಟರು ನನ್ನನ್ನು ಕರೆಸಿದರು. ಅಂತರಘಟ್ಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಅವರ ಎದುರು ಕೂತಿದ್ದರು. ಶನಿವಾರ ಅಜ್ಜಂಪುರದಲ್ಲಿ ಅವರ ಕಣ್ಣಿನ ಚಿತ್ರ ತೆಗೆದಿದ್ದರು, ಕಡೂರಿನಲ್ಲಿ ಅದು ಇರಲಿಲ್ಲ, ಅಜ್ಜಂಪುರದಲ್ಲಿ ಕರೆಂಟ್ ಹೋಗಿ ಆಗಲೇ ತರಿಸುವಂತೆಯೂ ಇರಲಿಲ್ಲ. ಮತ್ತೆ ಕಣ್ಣಿಗೆ ಹನಿ ಹಾಕಿ, ಕಾಯಿಸಿ, ಮತ್ತೆ ಚಿತ್ರ ತೆಗೆಯಬೇಕಾಯಿತು. ಹನಿ ಹಾಕಿದ ಕಣ್ಣಿಗೆ ಬೆಳಕು ಚುಚ್ಚುತ್ತದೆ. ಮೇಷ್ಟ್ರು ತಲೆಯ ಮೇಲೆ ಟವೆಲ್ ಹೊದ್ದುಕೊಂಡು, ಗೋಡೆ ಹಿಡಿದುಕೊಂಡು ಬಸ್‌ ಸ್ಟ್ಯಾಂಡಿನ ಕಡೆ ಹೊರಟದ್ದನ್ನು ನಾನು ನೋಡಿದೆ. ನನಗೆ ನಾಚಿಕೆಯಾಯಿತು.

"ಏನ್ರೀ ಇದು," ಎಂದರು ಡಾಕ್ಟರು. "ಇವರದ್ದು ಗೊತ್ತಾಯ್ತು. ಗೊತ್ತಾಗ್ದೆ ಇರೋವು ಎಷ್ಟಿದಾವೋ. ನಂಬೋಕಾಗಲ್ಲ ಅಂದ್ಮೇಲೆ ಆ ಕ್ಯಾಮೆರಾ ಅಲ್ಲಿಟ್ಟು ಏನು ಮಾಡೋದು? ಮುಂದಿನ ತಿಂಗಳ ಕೊನೇವರೆಗೆ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಅದನ್ನೂ ತರೀಕೆರೆಗೇ ಸಾಗಿಸ್ಬಿಡಿ."

ಸುದ್ದಿ ನನಗಿಂತ ಮೊದಲು ಅಜ್ಜಂಪುರ ಮುಟ್ಟಿತ್ತು. ಮಧ್ಯಾಹ್ನ ಅಲ್ಲಿನ ತಂತ್ರಜ್ಞೆ ಫೋನ್ ಮಾಡಿದರು. ಈಕೆ ನಮ್ಮಲ್ಲಿ ಟೋಕನ್ ಬರೆಯುವ ಕೆಲಸಕ್ಕೆ ಸೇರಿದವರು. ಬಿಡುವಿನಲ್ಲಿ ಕ್ಯಾಮೆರಾದವರ ಪಕ್ಕ ನಿಂತು ನೋಡಿ ನೋಡಿ ಕಲಿತು, ಪರೀಕ್ಷೆ ಕೊಟ್ಟು, ಈಗ ಶಾಖೆಯ ಕ್ಯಾಮೆರಾ ಇವರ ಕೈಯಲ್ಲಿದೆ. ಇವರು ತೆಗೆಯುವ ಚಿತ್ರ ಕಡೂರಿನವರದ್ದಕ್ಕಿಂತ ಸ್ವಚ್ಛವಾಗಿರುತ್ತದೆ ಎಂದು ಡಾಕ್ಟರೇ ಹೇಳುವುದುಂಟು.

"ಸಾರ್, ಕ್ಯಾಮೆರಾ ಹೋಗ್ತದಂತಲ್ಲ, ನಿಜವಾ?"

"ಇನ್ನೂ ಇಲ್ಲ ಕಣಮ್ಮ. ನೋಡ್ತಾ ಇದೀನಿ."

"ನಮ್ಮದು ಬೇರೆ ತಾಲ್ಲೂಕು ಆದ್ಮೇಲೂ ನಮ್ಮ ಜನ ತರೀಕೆರೆಗೇ ಅಲೀಬೇಕಾ ಸಾರ್? ನಂದೇನು, ಮತ್ತೆ ಟೋಕನ್ ಬರ್ಕೊಂಡು ಕೂತ್ಕೋತೀನಿ," ಎಂದರು. 'ನಂದೇನು' ಎಂದ ದನಿಯಲ್ಲೇ ಎಲ್ಲ ಇತ್ತು. ನಾನು ಅದೇ ಮಧ್ಯಾಹ್ನ ಕೂತು ಸೋಮವಾರಗಳ ದಾಖಲೆ ತೆಗೆದೆ.

ಈ ಹ್ಯಾಂಡಲ್ ಎಂದರೇನು ಎನ್ನುವುದನ್ನು ನಮ್ಮ ಕಡೆಯವರಿಗೆ ಹೊಲದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಊರಿನವರು 'ಹುಣಸೆಮರದ ಹೊಲ' ಎನ್ನುತ್ತಾರೆ, ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರ್ ಕೇಳುತ್ತಾರೆ. ಯಂತ್ರವೂ ಹಾಗೆಯೇ. ನಮಗೆ ಕಾಣುವುದು ಬುತ್ತಿ ಎಂಬ ಹೆಸರು. ಅದು ಒಳಗೆ ಹಿಡಿದುಕೊಳ್ಳುವುದು ಒಂದು ನಂಬರನ್ನು. ಕೆಲಸದ ನಡುವೆ ಆ ನಂಬರೇ ರದ್ದಾಗಿ, ಅದೇ ಹೆಸರಿನಲ್ಲಿ ಹೊಸ ನಂಬರಿನ ಫೋಲ್ಡರ್ ಬಂದು ಕೂತರೆ, ಹಳೆಯ ನಂಬರ್ ಹಿಡಿದವನಿಗೆ 'ನೀನು ಹೇಳುವ ಜಾಗ ಈಗಿಲ್ಲ' ಎಂಬ ಉತ್ತರ ಬರುತ್ತದೆ. ಇಷ್ಟು ಪುಸ್ತಕದಲ್ಲಿದೆ, ನನಗೂ ಗೊತ್ತಿತ್ತು. ಆದರೆ ಬುತ್ತಿಯನ್ನು ಯಾರೂ ರದ್ದು ಮಾಡುವುದಿಲ್ಲವಲ್ಲ. ಒಳಗಿನ ಹಳೆಯ ಚಿತ್ರ ತೆಗೆಯುತ್ತಾರೆ, ಹೊಸದು ಹಾಕುತ್ತಾರೆ, ಫೋಲ್ಡರ್ ಇದ್ದಲ್ಲೇ ಇರುತ್ತದೆ. ಹಾಗೆಂದು ನಾನೇ ಕೈಯಾರೆ ಬರೆದು ಎರಡೂ ಶಾಖೆಗೆ ಅಂಟಿಸಿ ಬಂದಿದ್ದೆ: 'ದಿನಾ ಬೆಳಿಗ್ಗೆ ಬುತ್ತಿ ಖಾಲಿ ಮಾಡಿ ಹೊಸದಾಗಿ ಕಟ್ಟುವುದು.' ತರೀಕೆರೆಯಲ್ಲಿ ಇದೇ ಚೀಟಿ, ಇದೇ ಯಂತ್ರ. ಅಲ್ಲಿ ಒಂದು ದಿನವೂ ತೊಂದರೆಯಿಲ್ಲ.

ಹಾಗಾಗಿ ನಾನು ಸೋಮವಾರದ ಮೇಲೆ ಅನುಮಾನಪಟ್ಟೆ. ಭಾನುವಾರ ರಜೆ, ಒಂದು ಹಗಲು ಎರಡು ರಾತ್ರಿ ಎಲ್ಲವೂ ಆರಿರುತ್ತದೆ, ಸೋಮವಾರ ಹತ್ತಿಸಿದಾಗ ಎಲ್ಲೋ ಲೈನು ತಡವರಿಸುತ್ತದೆ ಎಂದು ತರ್ಕ ಮಾಡಿದೆ. ಗುರುವಾರ ಬೀರೂರಿನ ಮೇಲೆ ಬೈಕಿನಲ್ಲಿ ಅಜ್ಜಂಪುರಕ್ಕೆ ಹೋಗಿ, ಕೇಬಲ್ ಬದಲಾಯಿಸಿ, ಲೈನುಗಳು ಸೇರುವ ಡಬ್ಬಿಯನ್ನೂ ಹೊಸದು ಹಾಕಿ ಬಂದೆ. ಸೋಮವಾರ ಒಂಬತ್ತೂ ಐದಕ್ಕೆ ಅದೇ ಸಾಲು. ಹೆಂಡತಿ ಕೇಳಿ, "ನಿಮ್ಮ ಮಿಷನ್ನಿಗೂ ಸೋಮವಾರ ಅಂದ್ರೆ ಬೇಜಾರು ಕಣ್ರೀ" ಎಂದಳು. ನನಗೆ ನಗು ಬರಲಿಲ್ಲ.

ಆ ವಾರವೆಲ್ಲ ಎರಡೂ ಕಡೆಯ ತಂತ್ರಾಂಶ ಹೊಸದು ಮಾಡುವುದರಲ್ಲಿ ಕಳೆಯಿತು. ಏನನ್ನೂ ನಂಬದೆ ಶನಿವಾರದ ಬ್ಯಾಕಪ್ ಮುಗಿದ ಮೇಲೆ ಇನ್ನೊಂದು ಬದಲಾವಣೆಯನ್ನೂ ಮಾಡಿದೆ. ಒಂಬತ್ತರ ಕೆಲಸವನ್ನು ಹತ್ತೂ ಕಾಲಿಗೆ ತಳ್ಳಿದೆ, ಯಂತ್ರಗಳು ಬಿಸಿಯಾಗಿ ಒಂದು ಹದಕ್ಕೆ ಬಂದಿರಲಿ ಎಂದು. ಮುಂದಿನ ಸೋಮವಾರ ಬ್ಯಾಕಪ್ ಸರಾಗವಾಗಿ ಮುಗಿಯಿತು. ನಾನು ಪರದೆಯನ್ನು ಎರಡು ಸಲ ಓದಿ, ಡಾಕ್ಟರ ಕೋಣೆಗೆ ಹೋಗಿ, "ಸರಿಹೋಯ್ತು ಡಾಕ್ಟ್ರೇ" ಎಂದೆ. ಸಾಲದ್ದಕ್ಕೆ ಅಜ್ಜಂಪುರಕ್ಕೂ ಫೋನ್ ಮಾಡಿ ಹೇಳಿದೆ. ಶನಿವಾರ ಹತ್ತೂ ಮೂವತ್ತೆರಡಕ್ಕೆ ಪರದೆ ತುಂಬ ಸ್ಟೇಲ್ ಫೈಲ್ ಹ್ಯಾಂಡಲ್.

ಶನಿವಾರ ಎಂದೂ ಆಗದಿದ್ದದ್ದು ಈಗ ಶನಿವಾರ ಆಗಿತ್ತು. ಸೋಮವಾರದ ಕಾಯಿಲೆ ಶನಿವಾರಕ್ಕೆ ಜಿಗಿದಿತ್ತು. ಡಾಕ್ಟರಿಗೆ ಮುಖ ತೋರಿಸಲಾಗದೆ ಹಿಂದಿನ ಬಾಗಿಲಿನಿಂದ ಊಟಕ್ಕೆ ಹೋದೆ.

ಸಿಟ್ಟು ಇಳಿದ ಮೇಲೆ ತಲೆ ಓಡಿತು. ಅಜ್ಜಂಪುರದ ಯಂತ್ರದಲ್ಲೇ ಒಂದು ಪುಟ್ಟ ಕಾವಲು ಇಟ್ಟೆ. ನಿಮಿಷಕ್ಕೊಂದು ಸಲ ಬುತ್ತಿಯ ಒಳ ನಂಬರನ್ನು ನೋಡಿ, ಗಂಟೆಯ ಸಮೇತ ಬರೆದಿಡುವುದು ಅದರ ಕೆಲಸ. ಶುಕ್ರವಾರ ಮಧ್ಯಾಹ್ನ ಅದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಂಬರ್ ದಿನಾ ಒಂದು ಸಲ ಬದಲಾಗುತ್ತಿತ್ತು. ಮಂಗಳವಾರದಿಂದ ಶುಕ್ರವಾರದವರೆಗೆ ಎಂಟೂ ನಲವತ್ತರ ಆಸುಪಾಸು, ಸೋಮವಾರ ಮಾತ್ರ ಒಂಬತ್ತೂ ಮೂರಕ್ಕೆ. ಯಾವುದಾದರೂ ಪ್ರೋಗ್ರಾಂ ಆಗಿದ್ದರೆ ಗಡಿಯಾರ ಹಿಡಿದಂತೆ ಒಂದೇ ನಿಮಿಷಕ್ಕೆ ನಡೆಯಬೇಕು. ಒಂದೆರಡು ನಿಮಿಷ ಹಿಂದೆ ಮುಂದೆ ಆಗುವುದು ಮನುಷ್ಯರ ಕೈಯಿಂದ.

ಫೋನ್ ಮಾಡಿದೆ. "ಏನಮ್ಮಾ, ಬೆಳಿಗ್ಗೆ ಕಂಪ್ಯೂಟರಲ್ಲಿ ಏನಾದ್ರೂ ಬದಲಾಯಿಸ್ತಾ ಇದೀರಾ? ಏನನ್ನಾದ್ರೂ ಅಳಿಸೋದು, ಮಾಡೋದು?"

"ಅಯ್ಯೋ ಇಲ್ಲ ಸಾರ್. ನೀವು ಹೇಳಿಕೊಟ್ಟಿದ್ದು ಬಿಟ್ಟು ಒಂದು ಬಟನ್ನೂ ಒತ್ತಲ್ಲ ನಾನು."

ಸುಳ್ಳು ಹೇಳುತ್ತಿದ್ದಾರೆ ಎಂದು ಒಂದು ಕ್ಷಣ ಅನ್ನಿಸಿತು. ಅದನ್ನು ಇಲ್ಲಿ ಬರೆಯಲು ಈಗಲೂ ಮನಸ್ಸಿಗೆ ಕಸಿವಿಸಿ. ಶನಿವಾರ ಬೆಳಿಗ್ಗೆ ಎಂಟೂವರೆಗೆ ಹೇಳದೆ ಕೇಳದೆ ಹೋಗಿ ಅಜ್ಜಂಪುರದ ಶಾಖೆಯಲ್ಲಿ ಕೂತೆ. ಆಯಮ್ಮ ನೆಲ ಒರೆಸುತ್ತಿದ್ದವರು ಕಾಲು ಮೇಲೆತ್ತಿಸಿದರು. ಒಂಬತ್ತೂ ಹತ್ತಕ್ಕೆ ತಂತ್ರಜ್ಞೆ ಬಂದರು, ಹಣೆಯಲ್ಲಿ ಆಂಜನೇಯನ ಗುಡಿಯ ಸಿಂಧೂರ. ನನ್ನನ್ನು ಕಂಡು ಮುಖ ಬಿಳುಚಿತು.

"ಕ್ಯಾಮೆರಾ ತಗೊಂಡು ಹೋಗೋಕೆ ಬಂದ್ರಾ ಸಾರ್?"

"ಇಲ್ಲಮ್ಮ, ಸುಮ್ನೆ ನೋಡೋಕೆ ಬಂದೆ. ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ."

ಪ್ರಸಾದದ ಬಾಳೆಹಣ್ಣು ಕೊಟ್ಟು, ಕೈ ತೊಳೆದು ಕೆಲಸಕ್ಕೆ ಕೂತರು. ಒಬ್ಬರಾದ ಮೇಲೆ ಒಬ್ಬರಂತೆ ಮೂವರ ಚಿತ್ರ ತೆಗೆದರು. ಬುತ್ತಿಯ ಕಡೆ ತಿರುಗಿಯೂ ನೋಡಲಿಲ್ಲ. ಹತ್ತೂ ಕಾಲಿಗೆ ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಕಡೂರಿನ ಬ್ಯಾಕಪ್ ಶುರುವಾಗಿ, ಫೈಲಿನ ಹೆಸರುಗಳು ಸಾಲಾಗಿ ಏರುತ್ತಿದ್ದವು. ಹತ್ತೂವರೆ ದಾಟುತ್ತಲೇ ಆಕೆ ಗೋಡೆ ಗಡಿಯಾರ ನೋಡಿ, ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ಬುತ್ತಿಯನ್ನು ಹಿಡಿದು ಇಡೀ ಫೋಲ್ಡರನ್ನೇ ಅಳಿಸಿದರು. ಹೊಸದೊಂದು ಮಾಡಿ, ಬುತ್ತಿ ಎಂದು ಹೆಸರು ಬರೆದರು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಸಾಲುಗಳು ಸುರಿಯತೊಡಗಿದವು.

ನಾನು ಮೆಲ್ಲಗೆ ಕೇಳಿದೆ: "ಇದನ್ನ ಯಾಕಮ್ಮ ಪೂರ್ತಿ ಅಳಿಸಿದ್ರಿ? ಒಳಗಿರೋದು ಮಾತ್ರ ತೆಗೆದ್ರೆ ಸಾಕಿತ್ತಲ್ಲ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಬುತ್ತಿ ಅಲ್ವಾ ಸಾರ್ ಇದು? ನಿನ್ನೆ ಉಂಡಿದ್ದು. ಮುಸುರೆ ಪಾತ್ರೆಗೇ ಇವತ್ತಿನ ಅನ್ನ ಹಾಕ್ತಾರಾ? ಅದ್ಕೇ ಪಾತ್ರೆ ಸಮೇತ ಬದಲಾಯಿಸ್ತೀನಿ. ಶುದ್ಧವಾಗಿರ್ತದೆ."

"ಸರಿ. ಬಂದ ತಕ್ಷಣ ಮಾಡ್ದೆ ಇಷ್ಟೊತ್ತು ಯಾಕೆ ಕಾದ್ರಿ?"

"ಶನಿವಾರ ಗುಡಿಗೆ ಹೋಗಿ ಬರೋದ್ರೊಳಗೆ ಒಂಬತ್ತು ದಾಟಿರ್ತದೆ, ಒಂಬತ್ತರಿಂದ ಹತ್ತೂವರೆ ರಾಹುಕಾಲ ಸಾರ್. ಮಿಕ್ಕಿದ್ದೆಲ್ಲ ನಡೀತದೆ, ಬಂದೋರನ್ನ ಕಾಯಿಸೋಕಾಗಲ್ಲ. ಆದ್ರೆ ಬುತ್ತಿ ಕಟ್ಟೋದು ಅಂದ್ರೆ ಹೊರಡೋದು ಅಂತಲ್ವಾ? ಕಡೂರಿಗೆ ಹೊರಡೋ ಬುತ್ತಿನ ರಾಹುಕಾಲದಲ್ಲಿ ಕಟ್ಟೋಕೆ ಮನಸ್ಸು ಬರಲ್ಲ. ಸೋಮವಾರ ಒಂಬತ್ತರವರೆಗೂ ಇರ್ತದೆ, ಅದು ಕಳೀಲಿ ಅಂತ ಕಾಯ್ತೀನಿ. ಬೇರೆ ದಿನ ಬೆಳಿಗ್ಗೆ ಇರಲ್ಲ, ಬಂದ ತಕ್ಷಣ ಕಟ್ಟಿಬಿಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೇಬಲ್ಲು, ಡಬ್ಬಿ, ತಂತ್ರಾಂಶ ಎಂದು ನಾನು ಮೂರು ವಾರ ಹುಡುಕಿದ್ದು ಪಂಚಾಂಗದಲ್ಲಿತ್ತು. ನನ್ನ ಪ್ರಶ್ನೆಯೂ ತಪ್ಪಾಗಿತ್ತು. ಕಂಪ್ಯೂಟರಲ್ಲಿ ಏನಾದರೂ ಅಳಿಸಿದ್ದೀರಾ ಎಂದು ಕೇಳಿದ್ದೆ. ಆಕೆಯ ಪಾಲಿಗೆ ಅದು ಅಳಿಸುವುದಲ್ಲ, ಪಾತ್ರೆ ತೊಳೆಯುವುದು. ಹೆಸರಿಟ್ಟವನು ನಾನು. ಆ ಹೆಸರನ್ನು ಆಕೆ ನನಗಿಂತ ಶ್ರದ್ಧೆಯಿಂದ ನಂಬಿದ್ದರು.

ನಾನು ಪರದೆ ತೋರಿಸಿ, ಸ್ಟೇಲ್ ಎಂದರೆ ಹಳಸಿದ್ದು, ಉಣ್ಣುತ್ತ ಕೂತಿದ್ದ ಯಂತ್ರದ ಮುಂದಿನಿಂದ ನೀವು ಊಟದ ಎಲೆಯನ್ನೇ ಎಳೆದುಬಿಟ್ಟಿರಿ ಎಂದು ವಿವರಿಸಿದೆ. ಆಕೆ ನಗಲಿಲ್ಲ. ಕೈಯನ್ನು ಕೀಲಿಮಣೆಯಿಂದ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹಂಗಾದ್ರೆ ಇದೆಲ್ಲ ನನ್ನಿಂದ್ಲೇ ಆಗಿದ್ದಾ? ಕ್ಯಾಮೆರಾ ಹೋಗೋದು ನನ್ನಿಂದ್ಲಾ?" ಎಂದರು. ಕಣ್ಣು ತುಂಬಿತ್ತು. "ಇನ್ಮೇಲೆ ರಾಹುಕಾಲ ನೋಡಲ್ಲ ಸಾರ್. ಪಾತ್ರೆನೂ ತೊಳೆಯಲ್ಲ. ನೀವು ಹೆಂಗೆ ಹೇಳ್ತೀರೋ ಹಂಗೆ. ಡಾಕ್ಟ್ರಿಗೆ ಮಾತ್ರ ಹೇಳ್ಬೇಡಿ."

ಅಲ್ಲಿಗೆ ಕೆಲಸ ಮುಗಿಯಿತು ಎಂದು ನಾನು ಎದ್ದು ಬರಬಹುದಿತ್ತು. ಆಕೆ ಒಪ್ಪಿದ್ದರು, ಸೋಮವಾರದಿಂದ ಎಲ್ಲ ಸರಿಯಾಗುತ್ತಿತ್ತು. ಆದರೆ ಎದ್ದು ಹೊರಡುವ ಮೊದಲು ಕಡೂರಿನ ಹಳೆಯ ದಾಖಲೆಯನ್ನು ಇನ್ನೊಮ್ಮೆ ನೋಡೋಣ ಎನಿಸಿತು. ನೋಡಿದ ಮೇಲೆ ಎದ್ದೇಳುವ ಮನಸ್ಸಾಗಲಿಲ್ಲ.

ಬ್ಯಾಕಪ್ ಒಂಬತ್ತಕ್ಕೆ ಇದ್ದ ಕಾಲದಲ್ಲಿ ಶನಿವಾರಗಳು ಒಮ್ಮೆಯೂ ತಪ್ಪು ತೋರಿಸಿರಲಿಲ್ಲ. ಹಾಗಾದರೆ ಹತ್ತೂವರೆಗೆ ಕಟ್ಟುತ್ತಿದ್ದ ಬುತ್ತಿಯನ್ನು ಒಂಬತ್ತಕ್ಕೆ ಅದು ತಂದದ್ದು ಹೇಗೆ? ತಂದಿರಲೇ ಇಲ್ಲ. ಶುಕ್ರವಾರದ ಹಳೆಯ ಬುತ್ತಿಯನ್ನೇ ಮತ್ತೊಮ್ಮೆ ಹೊತ್ತು ತಂದು, 'ಎಲ್ಲ ಸರಿ' ಎಂದು ಬರೆದುಕೊಳ್ಳುತ್ತಿತ್ತು. ಸೋಮವಾರ ಬಾಯಿಬಿಟ್ಟು ಕೂಗುತ್ತಿತ್ತು, ಶನಿವಾರ ತಣ್ಣಗೆ ಸುಳ್ಳು ಹೇಳುತ್ತಿತ್ತು. ಶುಕ್ರವಾರ ಮತ್ತು ಶನಿವಾರ ತೆಗೆದ ಚಿತ್ರ ಒಂದೂ ನೆಟ್ಟಗೆ ಕಡೂರಿಗೆ ಬಂದಿರಲಿಲ್ಲ. ಪುಣ್ಯಕ್ಕೆ ಅಜ್ಜಂಪುರದ ಡಿಸ್ಕಿನಲ್ಲಿ ಎಲ್ಲವೂ ಭದ್ರವಾಗಿದ್ದವು, ಅದೂ ಹೆಸರು, ದಿನ, ಎಡಗಣ್ಣು, ಬಲಗಣ್ಣು ಎಂದು ಒಪ್ಪವಾಗಿ ಜೋಡಿಸಿದ್ದವು. ಚೀಲದಲ್ಲಿದ್ದ ಡಿಸ್ಕ್ ತೆಗೆದು ಎಲ್ಲವನ್ನೂ ನಕಲು ಮಾಡಿಕೊಂಡೆ. ಅದು ಮುಗಿಯುವವರೆಗೆ ಯೋಚಿಸಲು ಸಮಯ ಸಿಕ್ಕಿತು.

ತಪ್ಪು ಆಕೆಯದಲ್ಲ ಎನ್ನುವುದು ಆಗ ನನಗೆ ನಿಚ್ಚಳವಾಯಿತು. ರಾಹುಕಾಲ ಇರಲಿ, ಬಸ್ಸು ತಡವಾಗಲಿ, ಬೆಳಿಗ್ಗೆಯೇ ಜನ ನುಗ್ಗಲಿ, ಆಕೆ ಕಟ್ಟುವುದು ತಡವಾದ ಯಾವ ದಿನವಾದರೂ ಇದೇ ಆಗುತ್ತಿತ್ತು. ಬುತ್ತಿ ಕಟ್ಟಿದೆಯೋ ಇಲ್ಲವೋ ಎಂದು ಕೇಳದೆ, ಗಡಿಯಾರ ನೋಡಿ ಒಳನುಗ್ಗುವಂತೆ ನನ್ನ ಯಂತ್ರಕ್ಕೆ ಬರೆದುಕೊಟ್ಟವನು ನಾನು. ನಾನು ರಾಹುಕಾಲ ನೋಡು‌ವವನಲ್ಲ. ಆದರೆ ನನ್ನ ಒಂಬತ್ತು ಗಂಟೆಯೂ ಅಂಥದೇ ಒಂದು ನಂಬಿಕೆಯಾಗಿತ್ತು.

"ನೀವೇನೂ ಬಿಡ್ಬೇಡಿ," ಎಂದೆ. "ಪಾತ್ರೆ ದಿನಾ ಹೊಸದೇ ಇರ್ಲಿ, ನಿಮಗೆ ಒಳ್ಳೇದು ಅನ್ನಿಸಿದ ಹೊತ್ತಿಗೇ ಕಟ್ಟಿ. ಕಾಯೋದು ಕಡೂರಿನ ಕೆಲಸ."

ಅಂದೇ ಮಧ್ಯಾಹ್ನ, ಆಕೆಯ ಊಟದ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನ್ನ ಪಾಲಿಗೂ ಬಂದ ಮೇಲೆ, ಅಲ್ಲೇ ಕೂತು ಬರೆದೆ. ಪರದೆಯ ಮೇಲೆ 'ಬುತ್ತಿ ಕಟ್ಟು' ಎಂಬ ಒಂದು ಗುಂಡಿ. ಒತ್ತಿದರೆ ಆ ದಿನದ ತಾರೀಕಿನ ಹೊಸ ಫೋಲ್ಡರ್ ಆಗುತ್ತದೆ. ಹಳೆಯದನ್ನು ಯಾರೂ ಮುಟ್ಟುವುದಿಲ್ಲ. ಕಡೂರಿಗೆ ಇನ್ನೂ ಮುಟ್ಟದ ಚಿತ್ರಗಳೆಲ್ಲ ಅದರೊಳಗೆ ಸೇರಿದ ಮೇಲೆ 'ಕಟ್ಟಿದೆ' ಎಂಬ ಖಾಲಿ ಫೈಲೊಂದು ಅದರಲ್ಲಿ ಬೀಳುತ್ತದೆ. ಕಡೂರಿನ ಯಂತ್ರ ಹತ್ತು ನಿಮಿಷಕ್ಕೊಮ್ಮೆ ಬಂದು ಇಣುಕುತ್ತದೆ. 'ಕಟ್ಟಿದೆ' ಕಂಡರೆ ಮಾತ್ರ ಒಳಗೆ ಕೂರುತ್ತದೆ, ಇಲ್ಲದಿದ್ದರೆ ಹಿಂದಿರುಗುತ್ತದೆ. ಎಲ್ಲವನ್ನೂ ತೆಗೆದುಕೊಂಡು, ಎಣಿಕೆ ಸರಿಯಿದ್ದರೆ, 'ಉಂಡಾಯ್ತು' ಎಂಬ ಫೈಲ್ ಇಟ್ಟು ಹೋಗುತ್ತದೆ. ಉಂಡಾದ ಫೋಲ್ಡರನ್ನು ವಾರದ ಮೇಲೆ ಅಜ್ಜಂಪುರದ ಯಂತ್ರವೇ ತೆಗೆದುಹಾಕುತ್ತದೆ. ಮಧ್ಯಾಹ್ನವಾದರೂ ಕಟ್ಟದಿದ್ದರೆ ನನಗೆ ಸುದ್ದಿ ಬರುತ್ತದೆ. 'ಉಂಡಾಯ್ತು' ಓದಿ ಆಕೆ ಆ ದಿನ ಮೊದಲ ಸಲ ನಕ್ಕರು.

ಮೊದಲ ಸೋಮವಾರ ಒಂಬತ್ತೂ ಎರಡಕ್ಕೆ 'ಕಟ್ಟಿದೆ' ಬಂತು, ಹತ್ತರೊಳಗೆ 'ಉಂಡಾಯ್ತು'. ಶನಿವಾರ ಹತ್ತೂ ಮೂವತ್ಮೂರಕ್ಕೆ ಕಟ್ಟಿ, ಹನ್ನೊಂದೂ ಕಾಲಿಗೆ ಉಂಡಾಯಿತು. ಈ ಸಲ ನಾನು ಯಾರಿಗೂ ಹೇಳಿಕೊಳ್ಳಲು ಹೋಗಲಿಲ್ಲ. ಇನ್ನೊಂದು ಸೋಮವಾರ, ಇನ್ನೊಂದು ಶನಿವಾರ ಕಾದೆ. ದಿನಾ ಅಜ್ಜಂಪುರದಲ್ಲಿ ಎಷ್ಟು ಚಿತ್ರ, ಕಡೂರಿನಲ್ಲಿ ಎಷ್ಟು ಎಂದು ಎರಡೂ ಕಡೆ ತಾಳೆ ನೋಡಿದೆ. ಒಂದೂ ಕಡಿಮೆ ಬರಲಿಲ್ಲ. ಆ ಎರಡು ವಾರ ನಾನು ಬೆಳಗಿನ ಕಾಫಿಯನ್ನು ಬಿಸಿಯಾಗಿಯೇ ಕುಡಿದೆ.

ತಿಂಗಳ ಕೊನೆಗೆ ಡಾಕ್ಟರ ಮುಂದೆ ಎರಡು ಹಾಳೆ ಇಟ್ಟೆ. ಅವರು ಯಾವುದೋ ಶುಕ್ರವಾರದ ಹೆಸರೊಂದನ್ನು ತಾವೇ ಹುಡುಕಿದರು. ಚಿತ್ರ ಬಂತು. ಇನ್ನೊಂದು ಶನಿವಾರದ್ದು ಹುಡುಕಿದರು, ಅದೂ ಬಂತು.

"ಏನಾಗಿತ್ರೀ ಅಲ್ಲಿ? ಆ ಹುಡುಗಿ ಏನಾದ್ರೂ ಎಡವಟ್ಟು ಮಾಡ್ತಿದ್ಲಾ?"

"ಇಲ್ಲ ಡಾಕ್ಟ್ರೇ. ಎಡವಟ್ಟು ನಂದು. ಆಕೆ ಕೆಲಸ ಮುಗಿಸೋ ಮೊದ್ಲೇ ನನ್ನ ಮಿಷನ್ನು ಹೋಗಿ ಕೂರ್ತಿತ್ತು. ಈಗ ಮುಗಿದ ಮೇಲೆ ಹೋಗೋ ಹಂಗೆ ಮಾಡಿದೀನಿ."

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವರು ಹಾಳೆಗಳನ್ನು ನನ್ನ ಕಡೆ ತಳ್ಳಿದರು. "ಸರಿ, ಕ್ಯಾಮೆರಾ ಅಲ್ಲೇ ಇರ್ಲಿ. ಹೇಳಿಬಿಡಿ ಅವರಿಗೆ."

ಕಾರಿಡಾರಿನಲ್ಲೇ ನಿಂತು ಫೋನ್ ಮಾಡಿದೆ. "ಒಂದು ನಿಮಿಷ ತಡೀರಿ ಸಾರ್, ಕಣ್ಣು ಇಟ್ಟಿದಾರೆ," ಎಂದು ಆಕೆ ಫೋನನ್ನು ಮೇಜಿನ ಮೇಲಿಟ್ಟರು. ಆ ಕಡೆಯ ಮಾತೆಲ್ಲ ಕೇಳಿಸುತ್ತಿತ್ತು. "ಗಲ್ಲ ಇಲ್ಲಿಡಿ ಅಜ್ಜಿ. ಹಸಿರು ಚುಕ್ಕೆ ಕಾಣ್ತದಾ? ಅದನ್ನೇ ನೋಡ್ತಿರಿ, ರೆಪ್ಪೆ ಮುಚ್ಬೇಡಿ." ಕ್ಯಾಮೆರಾ ಟಕ್ ಎಂದಿತು. ಇನ್ನೊಂದು ಕಣ್ಣು, ಮತ್ತೆ ಟಕ್. ಆಮೇಲೆ ಆಕೆ ಫೋನ್ ಎತ್ತಿಕೊಂಡು, "ಹೇಳಿ ಸಾರ್" ಎಂದರು.

"ಕ್ಯಾಮೆರಾ ಅಲ್ಲೇ ಇರುತ್ತೆ ಕಣಮ್ಮ. ಡಾಕ್ಟ್ರು ಈಗ ತಾನೆ ಹೇಳಿದ್ರು."

ಮೂಗು ಒರೆಸಿಕೊಂಡ ಸದ್ದು ಬಂತು. ಆಮೇಲೆ, ನನಗಲ್ಲ, ಎದುರಿಗೆ ಕೂತವರಿಗೆ ಹೇಳಿದ್ದು ಕೇಳಿಸಿತು. "ಅಜ್ಜಿ, ಆರು ತಿಂಗಳು ಬಿಟ್ಟು ಇಲ್ಲಿಗೇ ಬನ್ನಿ. ತರೀಕೆರೆ ಬಸ್ಸು ಹತ್ತೋದೇನೂ ಬೇಡ. ನಾನಿರ್ತೀನಿ."